ಜರ್ಮನಿಯಲ್ಲಿ ಕಂಪನಿ ತೆರೆಯುವ ಮುನ್ನ ತಿಳಿದಿರಬೇಕಾದ ತೊಡಕುಗಳು

ಪ್ರಶ್ನೆ (ಬೆಳಗಾವಿ): ಉದ್ಯಮಬಾಗ್‌ನಲ್ಲಿ ನಮ್ಮದು ಪಂಪಿನ ಎರಕದ ಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ. ಜರ್ಮನಿಯಲ್ಲಿಯೇ ನಮ್ಮದೊಂದು ಕಂಪನಿಯಿದ್ದರೆ ವ್ಯವಹಾರ ಸುಲಭವೆಂದು ಅಲ್ಲಿನ ಗ್ರಾಹಕರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ (ಪೀಣ್ಯ, ಬೆಂಗಳೂರು): ಸರ್, ನಾವು ಸ್ಟುಟ್‌ಗಾರ್ಟ್ ಸಮೀಪ ಜಿಎಂಬಿಎಚ್ (ನಮ್ಮ ಪ್ರೈವೇಟ್ ಲಿಮಿಟೆಡ್‌ನಂತಹ ಜರ್ಮನ್ ಕಂಪನಿ) ತೆರೆದು ಆರು ವರ್ಷಗಳಾದವು. ಹಣಕ್ಕಿಂತ ಮೊದಲು ನೀವು ಲೆಕ್ಕ ಹಾಕಬೇಕಾದದ್ದು ತಿಂಗಳುಗಳನ್ನು. ಷೇರು ಬಂಡವಾಳ ಕನಿಷ್ಠ 25,000 ಯೂರೊ ಇರಬೇಕು. ಅದರಲ್ಲಿ 12,500 ಯೂರೊ ಜಮೆಯಾದ ಮೇಲಷ್ಟೇ ನೋಂದಣಿಗೆ ಅರ್ಜಿ ಹೋಗುತ್ತದೆ. ಆದರೆ ಖಾತೆ ತೆರೆಯಲು ನಾವು ಮೊದಲು ಹೋದ ಬ್ಯಾಂಕು, ಷೇರುದಾರರೆಲ್ಲ ಭಾರತದಲ್ಲಿದ್ದಾರೆಂಬ ಕಾರಣಕ್ಕೆ ಕಾಗದಗಳನ್ನು ಹನ್ನೊಂದು ವಾರ ಇಟ್ಟುಕೊಂಡು ಕೊನೆಗೆ ಆಗದು ಎಂದಿತು; ಇನ್ನೊಂದು ಬ್ಯಾಂಕು ಒಪ್ಪುವವರೆಗೆ ಖಾಲಿ ಗೋದಾಮಿಗೆ ಬಾಡಿಗೆ ಕಟ್ಟಿದೆವು.

ಅಲ್ಲಿನ ನೋಟರಿ ಮೊಹರು ಒತ್ತಿ ಕಳುಹಿಸುವವರಲ್ಲ. ಸ್ಥಾಪನಾ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕೆಂಬುದು ಕಾನೂನು. ದುಭಾಷಿಯೊಬ್ಬರು ನನ್ನ ಪಕ್ಕದಲ್ಲಿ ಕುಳಿತು ಒಂದೊಂದು ಕಲಮನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಪಾಸ್‌ಪೋರ್ಟಿನಲ್ಲಿ ನನ್ನ ತಂದೆಯವರ ಹೆಸರು ಪೂರ್ತಿಯಾಗಿದ್ದು, ಆಡಳಿತ ಮಂಡಳಿಯ ನಿರ್ಣಯದಲ್ಲಿ ಬರಿಯ ಇನಿಷಿಯಲ್ ಇದ್ದುದನ್ನು ಕಂಡೊಡನೆ ನೋಟರಿ ಓದು ನಿಲ್ಲಿಸಿದರು. ನಿರ್ಣಯವನ್ನು ತಿದ್ದಿಸಿ ತರಲು ನಾನು ಬೆಂಗಳೂರಿಗೆ ಮರಳಬೇಕಾಯಿತು. ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ರೀತಿ ಇರುವಂತೆ ಇಂದೇ ಸರಿಪಡಿಸಿಕೊಳ್ಳಿ.

ಉತ್ತರ (ಮ್ಯೂನಿಕ್): ನಾನು ಇಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಭಾರತ 2005ರಲ್ಲಿ ಅಪೊಸ್ಟಿಲ್ (ಒಂದು ದೇಶದ ಕಾಗದಪತ್ರ ಇನ್ನೊಂದು ದೇಶದಲ್ಲಿ ನಡೆಯುವಂತೆ ಹಚ್ಚುವ ದೃಢೀಕರಣ ಚೀಟಿ) ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿತ್ತು. ಆದ್ದರಿಂದ ಅಪೊಸ್ಟಿಲ್ ಹಚ್ಚಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ನೀವು ಬಾರದೆ ಬೇರೆಯವರಿಗೆ ಪವರ್ ಆಫ್ ಅಟಾರ್ನಿ ಕೊಡುವುದಾದರೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನಲ್ಲಿಯೇ ಸಹಿಯನ್ನು ದೃಢೀಕರಿಸಿಕೊಳ್ಳಿ.

ನೌಕರರ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಐವರು ಕಾಯಂ ನೌಕರರಾದರೆ ಅವರು ತಮ್ಮ ಪ್ರತಿನಿಧಿ ಮಂಡಳಿಯನ್ನು ಆರಿಸಿಕೊಳ್ಳಬಹುದು. ನಿಯಮಗಳನ್ನು ಅದರೊಡನೆ ಮಾತಾಡಿಯೇ ತರಬೇಕಾಗುತ್ತದೆ. 1997ರಲ್ಲಿ ಇಲ್ಲಿಗೆ ಬಂದ ವಾಲ್‌ಮಾರ್ಟ್‌ನಂತಹ ದೊಡ್ಡ ಕಂಪನಿಯೂ ಅಮೆರಿಕದ ನಡವಳಿಕೆ ಸಂಹಿತೆಯನ್ನು ನೌಕರರ ಮೇಲೆ ಹೇರಲು ಹೋದಾಗ, ಅದರ ಹಲವು ಅಂಶಗಳನ್ನು 2005ರಲ್ಲಿ ಡ್ಯೂಸೆಲ್‌ಡಾರ್ಫ್‌ನ ಕಾರ್ಮಿಕ ನ್ಯಾಯಾಲಯ ತಳ್ಳಿಹಾಕಿತು. ಆಲ್ಡಿ, ಲಿಡ್ಲ್ ಎಂಬ ಇಲ್ಲಿನ ಮಳಿಗೆ ಸರಣಿಗಳ ಅಗ್ಗದ ದರದೆದುರೂ ನಿಲ್ಲಲಾಗದೆ ಅದು 2006ರಲ್ಲಿ 85 ಮಳಿಗೆಗಳನ್ನು ಮೆಟ್ರೊ ಎಂಬ ಜರ್ಮನ್ ವ್ಯಾಪಾರ ಕಂಪನಿಗೆ ಮಾರಿ ಹೊರಟಿತು.

ಉತ್ತರ (ಹುಬ್ಬಳ್ಳಿ): ನಾನಾದರೆ ಕಂಪನಿಯನ್ನು ತಕ್ಷಣ ತೆರೆಯುತ್ತಿರಲಿಲ್ಲ. ಅಲ್ಲಿನ ಗೋದಾಮಿನವರ ಮೂಲಕ ಒಂದು ವರ್ಷ ಸರಕು ಕೊಟ್ಟು ನೋಡಿ. ನಮ್ಮ ಒಂದು ಎರಕದಲ್ಲಿ ಸಣ್ಣ ಗಾಳಿಗುಳ್ಳೆ ಕಂಡಾಗ ಬದಲಿ ಭಾಗವನ್ನು ವಿಮಾನದಲ್ಲಿ ಕಳುಹಿಸಿದ್ದೆವು. ಗ್ರಾಹಕರು ಅದನ್ನು ಪಕ್ಕಕ್ಕಿಟ್ಟು, ದೋಷದ ಮೂಲವೇನು, ಮತ್ತೆ ಆಗದಂತೆ ಏನು ಮಾಡಿದ್ದೀರಿ ಎಂಬ 8ಡಿ ವರದಿಯನ್ನು ಕೇಳಿದರು. ಅದನ್ನು ಬರೆಯಬಲ್ಲ ಒಬ್ಬರನ್ನು ನಿಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿಯೇ ಮೊದಲು ತಯಾರು ಮಾಡಿ.