ಜಪಾನಿನ ಹಳೇ ಪಂಕ್, ಹಾರ್ಡ್‌ಕೋರ್ ರೆಕಾರ್ಡ್‌ಗಳು: ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಇಂಗ್ಲೆಂಡಿನ ಡಿಸ್ಚಾರ್ಜ್, ಅಮೆರಿಕದ ಬ್ಲ್ಯಾಕ್ ಫ್ಲ್ಯಾಗ್, ಈ ಹಾರ್ಡ್‌ಕೋರ್ (ಪಂಕ್‌ನ ಇನ್ನೂ ವೇಗದ, ಒರಟು ರೂಪ) ಬ್ಯಾಂಡ್‌ಗಳನ್ನೆಲ್ಲ ಕೇಳಿ ಆಗಿದೆ. ಈಗ ಜಪಾನಿನ ಕಡೆ ಮನಸ್ಸು ಹೋಗಿದೆ. 1978ರಿಂದ 1987ರ ತನಕದ್ದು ಸಾಕು. ಮೂಲ ಪ್ರತಿಗಳ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಏನು ಕೇಳಲಿ, ಯಾವುದಕ್ಕೆ ದುಡ್ಡು ಹಾಕಲಿ? ಅನುಭವ ಇರುವವರು ಹೇಳಿ.

ಉತ್ತರ 1: ಒಂದೇ ಬ್ಯಾಂಡಿನ ಬಾಲ ಹಿಡಿದು ಹೋಗಬೇಡಿ. ಓಮ್ನಿಬಸ್‌ಗಳಿಂದ, ಅಂದರೆ ಹಲವು ಬ್ಯಾಂಡ್ ಸೇರಿದ ರೆಕಾರ್ಡ್‌ಗಳಿಂದ ಶುರು ಮಾಡಿ. ಆಗಿನ ಎಷ್ಟೋ ಬ್ಯಾಂಡ್‌ಗಳಿಗೆ ಸ್ವಂತ ಎಲ್‌ಪಿ (ಪೂರ್ಣ ಉದ್ದದ ರೆಕಾರ್ಡ್) ಮಾಡುವಷ್ಟು ದುಡ್ಡೂ ಇರಲಿಲ್ಲ, ಹಾಡೂ ಇರಲಿಲ್ಲ. ಮೊದಲು 1979ರ ‘ಟೋಕಿಯೋ ರಾಕರ್ಸ್’. ಟೋಕಿಯೋದ ಕ್ಲಬ್ ಶಿಂಜುಕು ಲಾಫ್ಟ್‌ನಲ್ಲಿ ಲೈವ್ ಆಗಿ ಹಿಡಿದದ್ದು. ಫ್ರಿಕ್ಷನ್, ಲಿಝರ್ಡ್, ಮಿರರ್ಸ್, ಮಿಸ್ಟರ್ ಕೈಟ್, ಎಸ್-ಕೆನ್ ಐದೂ ಇದರಲ್ಲಿವೆ. ಹೊರತಂದದ್ದು ಸಿಬಿಎಸ್ ಸೋನಿ! ದೊಡ್ಡ ಕಂಪನಿ ಅಂತ ಮೂಗು ಮುರಿಯಬೇಡಿ. ಆಮೇಲೆ 1982ರ ‘ಔಟ್‌ಸೈಡರ್’ ಹಾಕಿ. ಗಾಝ್, ಗಿಝಮ್, ದಿ ಕಮ್ಸ್, ಲಾಫಿನ್ ನೋಸ್ ಎಲ್ಲ ಒಟ್ಟಿಗೆ ಸಿಗುತ್ತಾರೆ. ಮೂರೇ ವರ್ಷದಲ್ಲಿ ವೇಗ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ಕಿವಿಗೇ ಗೊತ್ತಾಗುತ್ತದೆ. ಇದರಲ್ಲಿ ಯಾರು ಹಿಡಿಸುತ್ತಾರೋ ಅವರ ಸ್ವಂತ ರೆಕಾರ್ಡ್ ಹುಡುಕಿ. ನನಗೆ ಹಿಡಿಸಿದ್ದು ಕಮ್ಸ್. ಹಾಡುವವಳು ಚಿತೋಸೆ. 1983ರ ‘ನೋ ಸೈಡ್’ ಕೇಳದೆ ಇದ್ದರೆ ಹಾರ್ಡ್‌ಕೋರ್ ಕೇಳಿದ್ದೇನೆ ಅಂತ ಹೇಳಲೇಬೇಡಿ. ಈ ಬ್ಯಾಂಡಿನವರೇ ಮುಂದೆ ಲಿಪ್ ಕ್ರೀಮ್ ಅನ್ನೋ ಬ್ಯಾಂಡಿನಲ್ಲೂ ಇದ್ದರು.

ಉತ್ತರ 2: ಎಲ್ಲರೂ ಟೋಕಿಯೋ ಟೋಕಿಯೋ ಅಂತೀರಿ. ಕನ್ಸಾಯ್, ಅಂದರೆ ಒಸಾಕ, ಕ್ಯೋಟೋ ಕಡೆ ಯಾಕೆ ನೋಡಲ್ಲ? ಕ್ಯೋಟೋದ ಎಸ್ಎಸ್ ಬ್ಯಾಂಡ್ 1979ರ ಹೊತ್ತಿಗೇ ಹಾರ್ಡ್‌ಕೋರ್ ವೇಗದಲ್ಲಿ ಬಾರಿಸುತ್ತಿತ್ತು. ಸಿಗೋದು ಲೈವ್ ರೆಕಾರ್ಡಿಂಗ್, ಶಬ್ದ ಒರಟು. ಆದರೂ ಕೇಳಿ. ಒಸಾಕದ ಆಂಟ್ ಸ್ಯಾಲಿ 1979ರಲ್ಲೇ ವ್ಯಾನಿಟಿ ಲೇಬಲ್‌ನಲ್ಲಿ ಎಲ್‌ಪಿ ತಂದಿತು. ಅದರ ಗಾಯಕಿ ಫ್ಯೂ ಮುಂದೆ ಜರ್ಮನಿಗೆ ಹೋಗಿ ಕ್ಯಾನ್ ಬ್ಯಾಂಡಿನವರ ಜೊತೆ ರೆಕಾರ್ಡ್ ಮಾಡಿದಳು. ಇನು ಬ್ಯಾಂಡಿನ 1981ರ ‘ಮೆಶಿ ಕೂನಾ!’ ಹಾಡಿದ ಮಚಿದಾ 2000ದಲ್ಲಿ ಅಕುತಗಾವಾ ಸಾಹಿತ್ಯ ಪ್ರಶಸ್ತಿ ಗೆದ್ದ ಕಾದಂಬರಿಕಾರ. ಹಾರ್ಡ್‌ಕೋರ್ ಮಾತ್ರ ಬೇಕಾದರೆ ಎಸ್‌ಒಬಿ ಬ್ಯಾಂಡಿನ ‘ಡೋಂಟ್ ಬಿ ಸ್ವಿಂಡಲ್’, 1987. ಇಂಗ್ಲೆಂಡಿನ ನೇಪಾಮ್ ಡೆತ್ ಬ್ಯಾಂಡ್ ಜೊತೆ ಒಂದೇ ರೆಕಾರ್ಡ್ ಹಂಚಿಕೊಂಡವರು ಇವರು.

ಉತ್ತರ 3: ಕೊಳ್ಳುವ ಬಗ್ಗೆ ಎರಡು ಮಾತು. ಆ ಕಾಲದ ಚಿಕ್ಕ ಲೇಬಲ್‌ಗಳು ಸೋನೋಶೀಟ್, ಅಂದರೆ ಬಾಗುವ ತೆಳು ಪ್ಲಾಸ್ಟಿಕ್ ರೆಕಾರ್ಡ್‌ಗಳನ್ನೂ ತರುತ್ತಿದ್ದವು. ಫುಕುಓಕಾದ ಕನ್‌ಫ್ಯೂಸ್‌ನ ‘ನ್ಯೂಕ್ಲಿಯರ್ ಅಡಿಕ್ಟ್ಸ್’, 1984, ಅಂಥದ್ದೇ. ಕೊಳ್ಳುವ ಮುಂಚೆ ಮಡಿಕೆಯ ಗೆರೆ ಇದೆಯಾ ಅಂತ ಫೋಟೋ ಕೇಳಿ. ಒಮ್ಮೆ ಗೆರೆ ಬಿದ್ದರೆ ಹೋಗಲ್ಲ. ಸುಮ್ನೆ ಹಾಗೇ ಹಾಕಿದರೆ ಸೂಜಿಯ ಕೆಳಗೆ ಶೀಟೇ ಜಾರುತ್ತದೆ, ಅಡಿಯಲ್ಲಿ ಬೇರೊಂದು ಎಲ್‌ಪಿ ಇಟ್ಟು ಹಾಕಿ.

ಕಳ್ಳ ಪ್ರತಿಗಳು ರಾಶಿ ರಾಶಿ ಇವೆ. ಕವರ್ ಮೇಲಿನ ಸಣ್ಣ ಅಕ್ಷರ ಮಸುಕಾಗಿದ್ದರೆ ಅನುಮಾನ ಪಡಿ. ರೆಕಾರ್ಡಿನ ಒಳ ಅಂಚಿನಲ್ಲಿ ಕೆತ್ತಿದ ನಂಬರನ್ನು ಡಿಸ್ಕಾಗ್ಸ್ ಜಾಲತಾಣದ ಪಟ್ಟಿಯ ಜೊತೆ ತಾಳೆ ನೋಡಿ. ಕವರಿಗೆ ಸುತ್ತಿದ ಒಬಿ ಕಾಗದಪಟ್ಟಿ, ಒಳಹಾಳೆ ಇವೆಯಾ ಅಂತಲೂ ಕೇಳಿ. ಅವಿಲ್ಲದಿದ್ದರೆ ಬೆಲೆ ಇಳಿಯುತ್ತದೆ. ನಮ್ಮಂಥ ಬರೀ ಕೇಳುವವರಿಗೆ ಅದು ಲಾಭವೇ. ಜಪಾನಿನ ಹರಾಜುಗಳಲ್ಲಿ ಮಾರುವವರು ಸಾಮಾನ್ಯವಾಗಿ ಹೊರದೇಶಕ್ಕೆ ಕಳಿಸಲ್ಲ, ಮಧ್ಯವರ್ತಿ ಬೇಕು. ಅವನ ಫೀಸು, ಅಂಚೆ, ಇಲ್ಲಿಯ ಕಸ್ಟಮ್ಸ್ ಎಲ್ಲ ಸೇರಿಸಿಯೇ ಬೆಲೆ ಹಾಕಿ. ಟೋಕಿಯೋಗೆ ಹೋಗುವ ನೆಂಟರೋ ಗೆಳೆಯರೋ ಇದ್ದರೆ ಶಿಂಜುಕುವಿನ ಡಿಸ್ಕ್ ಯೂನಿಯನ್, ಕೊಯೆಂಜಿಯ ರೆಕಾರ್ಡ್ ಶಾಪ್ ಬೇಸ್, ಈ ಎರಡು ಹೆಸರು ಬರೆದುಕೊಡಿ.

ಉತ್ತರ 4: ಸ್ಟಾಲಿನ್ ಬ್ಯಾಂಡಿನ ಹೆಸರು ಯಾರೂ ಎತ್ತಲೇ ಇಲ್ಲವಲ್ಲ! ಅದರ ಗಾಯಕ ಮಿಚಿರೋ ಎಂಡೋ ವೇದಿಕೆಯಿಂದ ಜನರ ಮೇಲೆ ಹಂದಿಯ ಕರುಳು ಎಸೆದ ಕತೆ ಎಲ್ಲರಿಗೂ ಗೊತ್ತು. ಅದನ್ನು ಬಿಟ್ಟು ಹಾಡು ಕೇಳಿ. 1982ರ ‘ಸ್ಟಾಪ್ ಜ್ಯಾಪ್’ ಹೊರಬರುವಾಗ ಸಾಹಿತ್ಯಕ್ಕೆ ಆಕ್ಷೇಪ ಬಂದು ಪದ ಬದಲಿಸಿ ಹಾಡಬೇಕಾಯಿತು. ಬದಲಿಸುವ ಮುಂಚಿನದ್ದು 2007ರಲ್ಲಿ ‘ಸ್ಟಾಪ್ ಜ್ಯಾಪ್ ನೇಕೆಡ್’ ಅಂತ ಬಂತು. ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಗಿಝಮ್‌ನ ‘ಡಿಟೆಸ್ಟೇಷನ್’ ಮೂಲ ಪ್ರತಿಗೆ ದುಡ್ಡು ಕೂಡಿಡಲಾ?

ಉತ್ತರ 1: ಬೇಡ. 2020ರಲ್ಲಿ ರಿಲ್ಯಾಪ್ಸ್ ಲೇಬಲ್ ಅಧಿಕೃತವಾಗಿ ಮತ್ತೆ ತಂದಿದೆ, ಅದು ಸಾಕು. ಗಾಯಕ ಸಕೆವಿಯ ಗಂಟಲು ಕೆಳಗೆಲ್ಲೋ ಗುರುಗುಡುತ್ತದೆ, ರ‍್ಯಾಂಡಿ ಉಚಿದಾನ ಗಿಟಾರ್ ಅದರ ಮೇಲೆ ಹೆವಿ ಮೆಟಲ್ ಹಾಡುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ, ಆದರೂ ಬಿಡಿಸಲು ಬರಲ್ಲ. ಆ ಮಜಾ ಮರುಮುದ್ರಣದಲ್ಲೂ ಅಷ್ಟೇ ಇದೆ. ಉಳಿದ ದುಡ್ಡಲ್ಲಿ ಗಾಝ್‌ನ ‘ಈಕ್ವಲೈಸಿಂಗ್ ಡಿಸ್ಟಾರ್ಟ್’, 1986, ಹುಡುಕಿ. ಅದನ್ನು ಮಾತ್ರ ಪಕ್ಕದ ಮನೆಯವರು ಊರಿಗೆ ಹೋದಾಗ ಹಾಕಿ.