ನುಡಿ, ಫಾಂಟು, ಪ್ರಿಂಟರ್ ಎಲ್ಲ ಹಾಗೇ ಇಟ್ಟುಕೊಂಡು ಎಸ್‌ಎಸ್‌ಡಿಗೆ ಹೋಗುವುದು ಹೇಗೆ?

ಡಿಟಿಪಿ_ತರೀಕೆರೆ:
ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಕಸ ಗುಡಿಸಿ, ಊದುಬತ್ತಿ ಹಚ್ಚಿ ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತದೆ. ಅದಕ್ಕೇ ಹಾರ್ಡ್ ಡಿಸ್ಕಿಗಿಂತ ವೇಗದ 500 ಜಿಬಿಯ ಸಾಟಾ (ಡಿಸ್ಕ್ ಜೋಡಿಸುವ ಕನೆಕ್ಟರಿನ ಬಗೆ) ಎಸ್‌ಎಸ್‌ಡಿ ತಂದೆ. ಹಳೆಯದು 1 ಟಿಬಿ ಹಾರ್ಡ್ ಡಿಸ್ಕ್, 4ನೇ ಜನರೇಷನ್ ಐ3 ಪ್ರೊಸೆಸರ್, ವಿಂಡೋಸ್ 10. ಸಿ ಡ್ರೈವ್‌ನಲ್ಲಿ 140 ಜಿಬಿ ಇದೆ. ಡಿ ತುಂಬ ಲಗ್ನಪತ್ರಿಕೆ ಡಿಸೈನ್‌ಗಳು.

ಫಾರ್ಮ್ಯಾಟ್ ಹೊಡೆಸಿ ಅನ್ನುತ್ತಾರೆ ಎಲ್ಲರೂ. ಹೊಡೆಸಿದರೆ ನುಡಿ, ಬರಹ, ಪೇಜ್‌ಮೇಕರ್, ಫಾಂಟುಗಳು, ಸಿಡಿಯೇ ಇಲ್ಲದ ಪ್ರಿಂಟರ್ ಡ್ರೈವರ್ ಎಲ್ಲ ಹೊಸದಾಗಿ ಹಾಕಬೇಕು. ಹಳೇ ಡಿಸ್ಕನ್ನು ಹಾಗೇ ಹೊಸದಕ್ಕೆ ನಕಲು (ಕ್ಲೋನ್) ಮಾಡುವ ಕ್ಲೋನೆಜಿಲ್ಲಾ ನೋಡಿದರೆ ಹೊಸ ಡಿಸ್ಕ್ ಚಿಕ್ಕದು ಅಂತ ನಿಂತುಬಿಡುತ್ತದೆ. ಏನು ಮಾಡಲಿ?

ಬಿಟ್‌ಬೈಟ್:
ವಿಂಡೋಸ್ 11 ಹಾಕಿಬಿಡಿ. 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹಳೇ ಕಸವನ್ನು ಹೊಸ ಮನೆಗೆ ಯಾಕೆ ಸಾಗಿಸುತ್ತೀರಿ?

ಸ್ಕ್ರೂಡ್ರೈವರ್_ರಾಯ:
ಇಂಟೆಲ್‌ನಲ್ಲಿ 11ಕ್ಕೆ 8ನೇ ಜನರೇಷನ್ ಆದರೂ ಬೇಕು, ಅವರದು 4. ಅದೂ ಅಲ್ಲದೆ ನಾಳೆ ಬೆಳಿಗ್ಗೆ ಗಿರಾಕಿ ಪ್ರೂಫ್ ಕೇಳಿದರೆ ಫಾಂಟು ಹುಡುಕುತ್ತಾ ಕೂರಕ್ಕೆ ಆಗುತ್ತಾ? ಅಂಗಡಿ ಕಂಪ್ಯೂಟರ್‌ಗೆ ಕ್ಲೋನೇ ಸರಿ.

ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೇ ಡಿಸ್ಕ್ ನೋಡಿ. ನೀಲಿಯಲ್ಲಿ 'ಗುಡ್' ಬಂದರೆ ಮುಂದುವರಿಯಿರಿ. ಹಳದಿಯಲ್ಲಿ 'ಕಾಷನ್' ಬಂದರೆ ಮೊದಲು ಡಿಸೈನ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಅಂಥ ಡಿಸ್ಕ್ ಕ್ಲೋನ್ ನಡುವೆಯೇ ಕೈಕೊಡಬಹುದು.

ಕ್ಲೋನೆಜಿಲ್ಲಾ ನೋಡುವುದು ಡಿಸ್ಕಿನ ಅಳತೆ, ಒಳಗೆ ಎಷ್ಟು ತುಂಬಿದೆ ಅಂತಲ್ಲ. ಸ್ಯಾಮ್‌ಸಂಗ್, ಕ್ರೂಷಿಯಲ್, ಡಬ್ಲ್ಯುಡಿ ಕಂಪನಿಗಳು ತಮ್ಮ ಡಿಸ್ಕ್ ಕೊಂಡವರಿಗೆ ಕ್ಲೋನ್ ಸಾಫ್ಟ್‌ವೇರ್ ಬಿಟ್ಟಿ ಕೊಡುತ್ತವೆ. ನಿಮ್ಮದು ಯಾವುದು ನೋಡಿ. ಡಿ ಬಿಟ್ಟು ಉಳಿದದ್ದೆಲ್ಲ ಕ್ಲೋನ್ ಮಾಡಿ. ಆದರೆ ಸಿ ಒಂದನ್ನೇ ಮಾಡಬೇಡಿ. ಪಕ್ಕದಲ್ಲಿ ಡ್ರೈವ್ ಅಕ್ಷರವಿಲ್ಲದ ಸಣ್ಣ ಪಾರ್ಟಿಷನ್ ಇರುತ್ತೆ, ವಿಂಡೋಸ್ ಎಬ್ಬಿಸುವ ಬೂಟ್ ಫೈಲುಗಳು ಅದರಲ್ಲೇ.

ಮುಗಿದ ಮೇಲೆ ಆಫ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಕಿತ್ತು ಎಸ್‌ಎಸ್‌ಡಿಗೆ ಹಾಕಿ. ಮೊದಲ ಸಲ ಅದೊಂದರಿಂದಲೇ ಎದ್ದೇಳಲಿ. ಎರಡೂ ಇದ್ದರೆ ಯಾವುದರಿಂದ ಬೂಟ್ ಆಯಿತು ಅಂತಲೇ ತಿಳಿಯಲ್ಲ. ಸಾಟಾ ಕನೆಕ್ಟರ್ ಒಳಗೆ 'ಎಲ್' ಆಕಾರದ ಸೀಳು ಇದೆ ನೋಡಿ, ಉಲ್ಟಾ ಹಿಡಿದು ಒತ್ತಿದರೆ ಡಿಸ್ಕಿನ ಕಡೆಯ ಪ್ಲಾಸ್ಟಿಕ್ ಲಟಕ್ ಅಂತ ಮುರಿಯುತ್ತೆ.

ಡಿಟಿಪಿ_ತರೀಕೆರೆ:
ನೀಲಿ ಬಂತು ಸರ್! ಆದರೆ ಸಾಟಾ ಪೋರ್ಟ್ ಖಾಲಿ ಇಲ್ಲ. ಒಂದಕ್ಕೆ ಹಾರ್ಡ್ ಡಿಸ್ಕ್, ಇನ್ನೊಂದಕ್ಕೆ ಡಿವಿಡಿ.

ಸ್ಕ್ರೂಡ್ರೈವರ್_ರಾಯ:
ಡಿವಿಡಿ ಕೇಬಲ್ ಕಿತ್ತು ಎಸ್‌ಎಸ್‌ಡಿಗೆ ಕೊಡಿ. ಕ್ಲೋನ್ ಸರಿಯಾಗಿ ಎದ್ದ ಮೇಲೆ ಹಾರ್ಡ್ ಡಿಸ್ಕ್ ಡಿವಿಡಿ ಇದ್ದ ಪೋರ್ಟ್‌ಗೆ. ಆಮೇಲೆ ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್, ಅಂದರೆ ಬಯೋಸ್‌ನಲ್ಲಿ ಎಸ್‌ಎಸ್‌ಡಿ ಮೊದಲು ಇದೆಯಾ ನೋಡಿ. ಡಿ ಅಕ್ಷರ ಬದಲಾಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮತ್ತೆ ಡಿ ಮಾಡಿ. ಇಲ್ಲದಿದ್ದರೆ ಪೇಜ್‌ಮೇಕರ್ ಗಣಪತಿ ಚಿತ್ರ ಎಲ್ಲಿ ಅಂತ ಕೇಳುತ್ತೆ. ಹಳೇ ಸಿ ಅನ್ನು ಸದ್ಯಕ್ಕೆ ಮುಟ್ಟಬೇಡಿ.

ಡಿಟಿಪಿ_ತರೀಕೆರೆ:
ಆಯ್ತು ಸರ್. ಭಾನುವಾರ ಶಟರ್ ಎಳೆದುಕೊಂಡು ಕೂರುತ್ತೇನೆ.