ಶೆಟ್ಟರ ಪದ್ಮಿನಿಯೂ ಭಟ್ಟರ ಬಿಳಿ ಕಾರೂ

ಉಡುಪಿಯಲ್ಲೇ ಹುಟ್ಟಿ, ರಥಬೀದಿಯ ಆಸುಪಾಸಿನಲ್ಲೇ ಬೆಳೆದು, ದಿನವೂ ಗೋಪೀಚಂದನ ಹಚ್ಚಿಕೊಂಡೇ ಮನೆಯ ಮೆಟ್ಟಿಲಿಳಿಯುವ ನಮ್ಮ ಭಟ್ಟರು ಕಾರು ತೊಳೆಯುವ ವಿಷಯದಲ್ಲಿ ಮಾತ್ರ ಅಪ್ಪಟ ಅದ್ವೈತಿಗಳು. ಕಾರುಗಳೆಲ್ಲ ಒಂದೇ, ಬಕೆಟ್ಟೂ ಒಂದೇ, ಒರೆಸುವ ಬಟ್ಟೆಯೂ ಒಂದೇ, ಉಳಿದದ್ದೆಲ್ಲ ಶೆಟ್ಟರು ಹಬ್ಬಿಸಿದ ಮಾಯೆ ಎಂಬುದು ಅವರ ಸಿದ್ಧಾಂತ. ಶೆಟ್ಟರದು ಇದಕ್ಕೆ ನೇರ ಎದುರು ಪಕ್ಷ. ಅವರ ಬಳಿ ಎರಡು ಕಾರುಗಳಿವೆ. ಒಂದು ನೀಲಿ ಬಣ್ಣದ ಹಳೆಯ ಪ್ರೀಮಿಯರ್ ಪದ್ಮಿನಿ; ಅದು ಶೆಡ್ಡಿನೊಳಗೆ ಫ್ಯಾನಿನ ಗಾಳಿಯಲ್ಲಿ ವಿಶ್ರಮಿಸುತ್ತ, ಹಳೆಯ ವಾಹನಗಳ ಪ್ರದರ್ಶನವಿದ್ದಾಗ ಮಾತ್ರ ಭಕ್ತರಿಗೆ ದರ್ಶನ ಕೊಡುತ್ತದೆ. ಇನ್ನೊಂದು, ಮಲ್ಪೆಯಿಂದ ಮೀನು ತರುವುದರಿಂದ ಹಿಡಿದು ಮದುವೆಮನೆಗೆ ಬಾಳೆಎಲೆ ಸಾಗಿಸುವವರೆಗೆ ಎಲ್ಲ ಚಾಕರಿಯನ್ನೂ ಮಾಡುವ ಬೂದು ಬಣ್ಣದ ಸಣ್ಣ ಕಾರು. ಮೊದಲನೆಯದನ್ನು ತೊಳೆಯಲು ಶೆಟ್ಟರಿಗೆ ಇಡೀ ಭಾನುವಾರ ಬೇಕು. ಎರಡನೆಯದನ್ನು ತೊಳೆಯುವ ಹೊಣೆಯನ್ನು ಅವರು ಮಳೆರಾಯನಿಗೆ ವಹಿಸಿದ್ದಾರೆ.

ಮೊನ್ನೆ ನಮ್ಮ ಜಗಲಿಯಲ್ಲಿ ಗೋಳಿಬಜೆಯ ತಟ್ಟೆಯ ಸುತ್ತ ಈ ಎರಡೂ ಮತಗಳ ನಡುವೆ ವಾಕ್ಯಾರ್ಥ ನಡೆಯಿತು. ನಿವೃತ್ತ ಸಂಸ್ಕೃತ ಟೀಚರು ಪ್ರೇಕ್ಷಕರ ಸ್ಥಾನದಲ್ಲಿದ್ದರು. ಕಲ್ಯಾಣಪುರದ ಪೊರ್ಬುಗಳು ಕಾರುಗಳಿಗೆ ಬಣ್ಣ ಹೊಡೆಯುವುದರಲ್ಲೇ ತಲೆ ನರೆಸಿಕೊಂಡವರಾದ್ದರಿಂದ ಮಧ್ಯಸ್ಥರ ಕುರ್ಚಿ ತಾನಾಗಿಯೇ ಅವರಿಗೆ ಸಂದಿತು.

“ಕಾರಿಗೂ ಕಾರಿಗೂ ಭೇದವೇನು ಬಂತು? ನಾಲ್ಕು ಚಕ್ರ, ಒಂದು ಸ್ಟಿಯರಿಂಗು,” ಎಂದು ಭಟ್ಟರು ಪೂರ್ವಪಕ್ಷವನ್ನು ಮಂಡಿಸುತ್ತಿದ್ದಂತೆಯೇ ಟೀಚರು, “ಆಚಾರ್ಯ ಮಧ್ವರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಅದನ್ನು ಒಪ್ಪದವರು ನಾಳೆ ಮಠದ ಊಟಕ್ಕೆ ಯಾವ ಮುಖವಿಟ್ಟುಕೊಂಡು ಹೋಗುತ್ತೀರಿ?” ಎಂದು ಕೇಳಿಬಿಟ್ಟರು. ಊಟದ ಪ್ರಶ್ನೆ ಎದ್ದಕೂಡಲೇ ಭಟ್ಟರು ಭೇದವನ್ನು ತತ್ತ್ವದ ಮಟ್ಟದಲ್ಲಿ ಒಪ್ಪಿಕೊಂಡರು. ಆದರೆ ಬಟ್ಟೆಯನ್ನು ಬಿಟ್ಟುಕೊಡಲಿಲ್ಲ.

ಆ ಬಟ್ಟೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಹಿಂದೊಮ್ಮೆ ಪಂಚೆಯಾಗಿತ್ತು. ಈಗ ಅದೇ ಬಟ್ಟೆ ಮೊದಲು ಚಕ್ರವನ್ನು, ಬಳಿಕ ಬಾಗಿಲನ್ನು, ಬಳಿಕ ಬಾನೆಟ್ಟನ್ನು, ಕೊನೆಗೆ ಗಾಜನ್ನು ಒರೆಸಿ, ನಡುವೆ ಎಲ್ಲಿಯೂ ನೀರು ಬದಲಾಗದ ಒಂದೇ ಬಕೆಟ್ಟಿನಲ್ಲಿ ಮುಳುಗೆದ್ದು, ಗೇಟಿನ ಮೇಲೆ ಒಣಗುತ್ತದೆ. ಗೇಟಿನ ಮುಂದೆಯೇ ಮುರಕಲ್ಲಿನ ಕೆಂಪು ಧೂಳಿನ ರಸ್ತೆ.

“ಭಟ್ಟರೇ, ನೀವು ಕಾರು ಒರೆಸುತ್ತಿಲ್ಲ, ಉಜ್ಜುಕಾಗದ ಹಾಕುತ್ತಿದ್ದೀರಿ,” ಎಂದರು ಪೊರ್ಬುಗಳು. “ಈಗಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಹೊಳಪೆಲ್ಲ ಆ ಕೊನೆಯ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಎಂದರೆ ನಿಮ್ಮ ಜುಟ್ಟಿನ ಒಂದು ಕೂದಲಿಗಿಂತಲೂ ತೆಳು. ಅದರ ಮೇಲೆ ನೀವು ವಾರವಾರವೂ ಮರಳು ಎಳೆಯುತ್ತೀರಿ. ಬಿಸಿಲಿಗೆ ಹಿಡಿದು ನೋಡಿ, ಬಾನೆಟ್ಟಿನ ತುಂಬ ಜೇಡರ ಬಲೆ ಹೆಣೆದಂತೆ ಗೀರುಗಳು ಕಾಣುತ್ತವೆ.”

ಭಟ್ಟರು ಅಪ್ರಯತ್ನವಾಗಿ ಜುಟ್ಟನ್ನು ಮುಟ್ಟಿ ನೋಡಿಕೊಂಡರು.

“ಗೀರಿಗೆ ಪಾಲಿಶ್ ಇದೆಯಲ್ಲ?” ಎಂದು ಅವರು ಸುಲಭವಾಗಿ ಬಿಡಿಸಿಕೊಳ್ಳಲು ನೋಡಿದರು. ಪೊರ್ಬುಗಳಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. ಪಾಲಿಶ್ ಎಂದರೆ ಕಾರಿಗೆ ಏನನ್ನೋ ಹಚ್ಚುವುದೆಂದು ಊರೆಲ್ಲ ನಂಬಿದೆ. ಆದರೆ ಪಾಲಿಶ್ ಮಾಡುವುದೆಂದರೆ ಗೀರಿನ ತಳ ಸಿಗುವ ತನಕ ಸುತ್ತಲಿನ ಪದರವನ್ನು ಸವೆಸುವುದು, ಎಂದರೆ ಇದ್ದದ್ದರಲ್ಲೇ ಇನ್ನಷ್ಟನ್ನು ಕಳೆದುಕೊಳ್ಳುವುದು. ಹಚ್ಚುವುದು ವ್ಯಾಕ್ಸ್ ಎಂಬ ಮೇಣ, ಸೀಲೆಂಟ್ ಎಂಬ ಕೃತಕ ರಕ್ಷಾಲೇಪ, ಸೆರಾಮಿಕ್ ಎಂಬ ಗಡಸು ಲೇಪ ಇತ್ಯಾದಿ. ತೆಗೆಯುವ ಕೆಲಸ ಬೇರೆ, ಹಚ್ಚುವ ಕೆಲಸ ಬೇರೆ. ತೆಗೆಯುವುದನ್ನು ಹಬ್ಬಹಬ್ಬಕ್ಕೂ ಮಾಡಿಸುತ್ತ ಹೋದರೆ ಒಂದು ದಿನ ಹೊಳೆಯಲು ಕಾರಿನ ಮೇಲೆ ಏನೂ ಉಳಿದಿರುವುದಿಲ್ಲ.

ಇಲ್ಲಿ ಶೆಟ್ಟರು ನೀಲಿ ಬಟ್ಟೆಯ ಪ್ರಕರಣವನ್ನು ಎತ್ತಿದರು. ಎತ್ತದಿದ್ದರೆ ಅವರಿಗೆ ಗೋಳಿಬಜೆ ಜೀರ್ಣವಾಗುವುದಿಲ್ಲ. ಹಿಂದೊಮ್ಮೆ ಶೆಟ್ಟರು ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಭಟ್ಟರು ಸ್ನೇಹದ ಸೆಳೆತಕ್ಕೆ ಸಿಲುಕಿ, ಶೆಡ್ಡಿಗೆ ನುಗ್ಗಿ, ಪದ್ಮಿನಿಯ ಬಾನೆಟ್ಟನ್ನು ಪಾಲಿಶ್ ಹಾಕಿ ತಿಕ್ಕಿದ್ದರು. ಪಂಚೆ ನೀಲಿಯಾಯಿತು. ಭಟ್ಟರು ಹರ್ಷದಿಂದ, “ಎಷ್ಟು ಕೊಳೆ ಸಾಕಿದ್ದೀರಿ, ನೋಡಿ!” ಎಂದು ಶೆಟ್ಟರನ್ನು ಎಬ್ಬಿಸಿ ತೋರಿಸಿದರು. ಆ ಕಾಲದ ಕಾರುಗಳಿಗೆ ಮೇಲಿನ ಕ್ಲಿಯರ್ ಕೋಟ್ ಇರಲಿಲ್ಲ. ಬಣ್ಣವೇ ಕೊನೆಯ ಪದರ. ಭಟ್ಟರ ಪಂಚೆಗೆ ಹತ್ತಿದ್ದು ಕೊಳೆಯಲ್ಲ, ಕಾರಖಾನೆಯಲ್ಲಿ ಹೊಡೆದ ಮೂಲ ಬಣ್ಣ. ಆ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅಂದಿನಿಂದ ಉಳಿದು ಬಂದ ಬಣ್ಣವೊಂದು ಭಟ್ಟರ ಪ್ರೀತಿಗೆ ಸಿಕ್ಕಿ ಅರ್ಧ ಗಂಟೆಯಲ್ಲಿ ಸವೆಯಿತು. ಶೆಟ್ಟರು ಅಂದು ಆಡಿದ ತುಳು ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

“ಹೋದ ಬಣ್ಣವನ್ನು ಹೊಸದಾಗಿ ಹೊಡೆಸಿದರಾಯಿತಲ್ಲ?” ಎಂದು ಭಟ್ಟರು ಈಗಲೂ ಪಟ್ಟು ಬಿಡಲಿಲ್ಲ. ಪ್ರದರ್ಶನದ ಲೆಕ್ಕವೇ ಬೇರೆಯೆಂದು ಶೆಟ್ಟರು ವಿವರಿಸಿದರು. ಒಳ್ಳೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಹುಡುಕುವುದು ಕಣ್ಣು ಕುಕ್ಕುವ ಹೊಳಪನ್ನಲ್ಲ, ಕಾರಖಾನೆಯಿಂದ ಹೊರಬಂದಾಗ ಕಾರು ಹೇಗಿತ್ತೋ ಹಾಗಿದೆಯೇ ಎಂಬುದನ್ನು. ಅತಿಯಾಗಿ ಮಿಂಚಿಸಿದ ಕಾರು ಅಂಕ ಕಳೆದುಕೊಳ್ಳುವುದೂ ಉಂಟು. ಆದ್ದರಿಂದಲೇ ಅವರದು ಎರಡು ಬಕೆಟ್ಟುಗಳ ಆಚಾರ: ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕಾರು ಉಜ್ಜುವ ಕೈಗವಸನ್ನು ಜಾಲಾಡಲು ಬರಿಯ ನೀರು, ಕೆಳಗೆ ಕುಳಿತ ಮರಳು ಮತ್ತೆ ಮೇಲೇಳದಂತೆ ತಳದಲ್ಲಿ ಒಂದು ಜಾಲರಿ. ಬಾನೆಟ್ಟಿನ ಬಟ್ಟೆ ಚಕ್ರವನ್ನು ಮುಟ್ಟುವಂತಿಲ್ಲ. ಇಷ್ಟು ಮಡಿಯನ್ನು ಶೆಟ್ಟರ ಮನೆಯ ಅಡುಗೆಮನೆಯೂ ಕಂಡಿಲ್ಲವೆಂದು ಟೀಚರು ಟಿಪ್ಪಣಿ ಸೇರಿಸಿದರು. ಎಲ್ಲ ಮುಗಿದ ಮೇಲೆ ಕಾರ್ನೂಬಾ ವ್ಯಾಕ್ಸಿನ ತೆಳುವಾದ ಲೇಪ.

“ಅದೆಲ್ಲಿಯ ಕಾರ್ನೂಬಾ?”

“ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಣ. ಒಣನಾಡಿನ ಮರವಾದ್ದರಿಂದ ಎಲೆಯ ನೀರು ಆರದಂತೆ ತನಗೆ ತಾನೇ ಮೇಣ ಬಳಿದುಕೊಳ್ಳುತ್ತದೆ. 80 ಡಿಗ್ರಿ ದಾಟಿದರೆ ಮಾತ್ರ ಕರಗುತ್ತದೆ.”

“ಹಿತ್ತಲ ತುಂಬ ತೆಂಗಿನ ಮರಗಳಿರುವಾಗ ಬ್ರೆಜಿಲ್ಲಿಗೇಕೆ ಹೋಗಬೇಕು? ಕೊಬ್ಬರಿ ಎಣ್ಣೆ ಸವರಿದರೆ ಕಾರು ಹೊಳೆಯುವುದಿಲ್ಲವೇ?”

ಹೊಳೆಯುತ್ತದೆ ಎಂದು ಪೊರ್ಬುಗಳು ಒಪ್ಪಿದರು. ಸಂತೆಕಟ್ಟೆ ತಲುಪುವ ತನಕ ಹೊಳೆಯುತ್ತದೆ. ಎಣ್ಣೆ ಒಣಗುವುದಿಲ್ಲವಾದ್ದರಿಂದ ಹೆದ್ದಾರಿಯ ಧೂಳೆಲ್ಲ ಅದಕ್ಕೆ ಅಂಟುತ್ತದೆ. ಮರುದಿನ ಅದನ್ನು ಒರೆಸಿದರೆ ಪಂಚೆಯ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಡೀಸೆಲ್ಲಿನಲ್ಲಿ ಒರೆಸುವವರಿಗೂ ಇದೇ ಮಾತು, ಜೊತೆಗೆ ರಬ್ಬರ್ ಪಟ್ಟಿಗಳೂ ಹಾಳು.

“ಹಾಗಾದರೆ ನನ್ನ ಕಾರಿಗೂ ಆ ಬ್ರೆಜಿಲ್ಲನ್ನೇ ಹಚ್ಚಿಬಿಡುತ್ತೇನೆ,” ಎಂದು ಭಟ್ಟರು ಉದಾರಿಗಳಾದರು. ಅದನ್ನೂ ಪೊರ್ಬುಗಳು ಒಪ್ಪಲಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಬಯಲಲ್ಲೇ ನಿಲ್ಲುವ ಕಾರಿನ ಮೇಲೆ ಆ ಮೇಣ ಆಷಾಢವನ್ನು ಕಾಣುವುದು ಕಷ್ಟ. ದಿನಬಳಕೆಗೆ ಕೆಲವು ತಿಂಗಳು ಬಾಳುವ ಸೀಲೆಂಟ್ ಮೇಲು. ಖರ್ಚು ಮಾಡುವ ಮನಸ್ಸಿದ್ದರೆ ಒಂದೆರಡು ವರ್ಷ ಬಾಳುವ ಸೆರಾಮಿಕ್ ಆಗಬಹುದು. ಹಕ್ಕಿಯ ಹಿಕ್ಕೆಯಲ್ಲಿರುವ ಆಮ್ಲ, ಹಲಸಿನ ಮೇಣ, ಬಾದಾಮಿ ಮರದ ಬಾವಲಿಗಳು ರಾತ್ರಿಯೆಲ್ಲ ಉದುರಿಸುವ ಪ್ರಸಾದ, ಇವೆಲ್ಲ ಪದರದೊಳಗೆ ಇಳಿಯುವ ಮೊದಲೇ ನೀರಿಗೆ ಬಿಡುವಂತೆ ಮಾಡುವುದೇ ಈ ಲೇಪಗಳ ಉಪಕಾರ. ಆದರೂ ಹಿಕ್ಕೆಯನ್ನು ಬಿಸಿಲಿನಲ್ಲಿ ಒಣಗಲು ಬಿಡದೆ, ನೆನೆಸಿ ತೆಗೆಯುವ ಕೆಲಸ ಮಾತ್ರ ತಪ್ಪುವುದಿಲ್ಲ.

ಸೆರಾಮಿಕ್ ಎಂದೊಡನೆ ಭಟ್ಟರ ಕಿವಿ ನೆಟ್ಟಗಾಯಿತು. ಅಂಗಡಿಯವರೊಬ್ಬರು ಅದಕ್ಕೆ 9ಎಚ್ ಗಡಸುತನವಿದೆಯೆಂದೂ ಗೀರೇ ಬೀಳುವುದಿಲ್ಲವೆಂದೂ ಅವರಿಗೆ ಹೇಳಿದ್ದರಂತೆ. ಆ 9ಎಚ್ ಎಂಬುದು ಪೆನ್ಸಿಲ್ಲಿನ ಗಡಸುತನದ ಅಳತೆಯೆಂದೂ, ಮರಳಿನ ಕಣಕ್ಕೆ ಅದರ ಹೆದರಿಕೆಯೇನೂ ಇಲ್ಲವೆಂದೂ ಪೊರ್ಬುಗಳು ತಿಳಿಸಿದರು.

“ತೆಂಗಿನಕಾಯಿಗೆ?” ಎಂದು ಭಟ್ಟರು ತಗ್ಗಿದ ದನಿಯಲ್ಲಿ ಕೇಳಿದರು. ಅವರು ಕಾರು ನಿಲ್ಲಿಸುವ ಜಾಗ ನಮಗೆಲ್ಲ ಗೊತ್ತಿದ್ದುದರಿಂದ ಯಾರೂ ಉತ್ತರಿಸಲಿಲ್ಲ.

ಪೊರ್ಬುಗಳು ಇಷ್ಟು ಹೊತ್ತು ಕಾದಿದ್ದ ಮಾತು ಬಳಿಕ ಬಂತು. “ನೀವಿಬ್ಬರೂ ಮೇಲಿನದ್ದನ್ನೇ ಮಾತಾಡುತ್ತೀರಿ. ಕರಾವಳಿಯಲ್ಲಿ ಕಾರು ಸಾಯುವುದು ಕೆಳಗಿನಿಂದ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಫೋಟೋಕ್ಕೆ ಬಹಳ ಚೆಂದ. ಆ ಗಾಳಿಯಲ್ಲಿರುವ ಉಪ್ಪೆಲ್ಲ ಕಾರಿನ ಹೊಟ್ಟೆಗೆ ಹತ್ತುತ್ತದೆ. ಮೀನಿನ ಲಾರಿಯ ಹಿಂದೆ ಹೋದರಂತೂ ಮಂಜುಗಡ್ಡೆ ಕರಗಿದ ಉಪ್ಪುನೀರು ನೇರ ಅಭಿಷೇಕ. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.”

“ಮಳೆ ನಿಂತ ಮೇಲೆ ಒಣಗುತ್ತದಲ್ಲ?” ಎಂದರು ಶೆಟ್ಟರು.

“ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ಜುಲೈಯಲ್ಲಿ ಒಣಗಿರುತ್ತದೆಯೇ?” ಎಂದು ಟೀಚರು ಕೇಳಿದರು. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದರೆ ಉಪ್ಪು ತಾನೇ ನೀರನ್ನು ಹೀರಿ ಕರಗುತ್ತದೆ. ನಮ್ಮ ಮಳೆಗಾಲದ ಗಾಳಿ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ತಗಡಿನ ಸಂದಿನಲ್ಲಿ ಕುಳಿತ ಉಪ್ಪು ಹಾಗೆಯೇ ಒದ್ದೆಯಾಗಿದ್ದುಕೊಂಡು ಕೆಲಸ ಮಾಡುತ್ತಿರುತ್ತದೆ. ಸಿಹಿನೀರನ್ನು ರಭಸದಿಂದ ಬಿಟ್ಟು ಚಕ್ರದ ಕಮಾನು, ಚಾಸಿ, ಬಾಗಿಲಿನ ಅಡಿಯನ್ನು ತೊಳೆಯುವುದು ಬಿಟ್ಟು ಬೇರೆ ಉಪಾಯವಿಲ್ಲ. ಮಳೆಗೆ ಮೊದಲು ತಳಕ್ಕೆ ತುಕ್ಕುನಿರೋಧಕ ಲೇಪ ಹಾಕಿಸಬಹುದು, ಆದರೆ ಕೆಸರಿನ ಮೇಲೆಯೇ ಹಾಕಿಸಿದರೆ ಅದು ಉಪ್ಪನ್ನು ಒಳಗಿಟ್ಟು ಬೀಗ ಹಾಕಿದಂತೆ. ಒದ್ದೆ ಕಾರಿಗೆ ಹೊದಿಕೆ ಮುಚ್ಚಿ ಕಟ್ಟುವುದೂ ಅಷ್ಟೇ ಬುದ್ಧಿವಂತಿಕೆ.

ಆಯುಧ ಪೂಜೆಯ ವಿಷಯವೂ ಬಂದುಹೋಯಿತು. ನಿಂಬೆಹಣ್ಣಿನಿಂದ ಕಾರಿಗೆ ಏನೂ ಆಗುವುದಿಲ್ಲ. ತಂತಿಯಲ್ಲಿ ಪೋಣಿಸಿದ ಹೂಮಾಲೆ ಗಾಳಿಗೆ ಅಲ್ಲಾಡುತ್ತ ಬಾನೆಟ್ಟಿನ ಮೇಲೆ ಬರೆಯುವ ಗೀರು ಮುಂದಿನ ನವರಾತ್ರಿಗೂ ಇರುತ್ತದೆ. ನೂಲಿನ ಮಾಲೆ ಕೊಳ್ಳಿರಿ, ಅಷ್ಟೇ.

ಶೆಟ್ಟರ ಪದ್ಮಿನಿಗೆ ಇವುಗಳಲ್ಲಿ ಒಂದರ ಭಯವೂ ಇಲ್ಲವೆಂಬುದು ಪೊರ್ಬುಗಳ ಮುಖ್ಯ ಆಕ್ಷೇಪ. ಉಪ್ಪು ಕಾಣದ ಕಾರಿಗೆ ಎರಡು ಬಕೆಟ್ಟು, ಬ್ರೆಜಿಲ್ಲಿನ ಮೇಣ, ಹಲ್ಲುಜ್ಜುವ ಬ್ರಶ್ಶು. ಉಪ್ಪಿನಲ್ಲೇ ಮಿಂದೇಳುವ ಬೂದು ಕಾರಿಗೆ ಮಳೆರಾಯ. ಪದ್ಮಿನಿಗೆ ಬೇಕಾದದ್ದು ಒಣ ಗಾಳಿ, ಮುಟ್ಟದ ಕೈ, ಮತ್ತು ಆಗಾಗ ಒಂದು ಓಟ.

“ಓಡಿಸಿದರೆ ಧೂಳಾಗುತ್ತದೆ!” ಎಂದರು ಶೆಟ್ಟರು.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದು ಬಂದಿರುವ ಹೆಸರಾಂತ ಪ್ರದರ್ಶನದ ನಿಯಮವನ್ನು ನಾನು ಆಗ ನೆನಪಿಸಿದೆ. ಅಲ್ಲಿ ಒಂದೇ ವರ್ಗದ ಎರಡು ಕಾರುಗಳು ಸಮ ಅಂಕ ಪಡೆದರೆ, ಪ್ರದರ್ಶನಕ್ಕೆ ಮೊದಲು ನಡೆಯುವ ರಸ್ತೆ ಓಟವನ್ನು ಪೂರೈಸಿದ ಕಾರಿಗೆ ಬಹುಮಾನ ಸಲ್ಲುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರುಗಳೇ ಧೂಳು ತಿನ್ನುತ್ತವೆಂದು ಕೇಳಿ ಶೆಟ್ಟರು ಒಂದು ಗೋಳಿಬಜೆಯನ್ನು ಕೈಯಲ್ಲೇ ಹಿಡಿದು ಕುಳಿತರು.

ಪೊರ್ಬುಗಳು ಎದ್ದು ಅಂಗಳಕ್ಕಿಳಿದು, ಹಿಡಿಸೂಡಿಯಿಂದ ಒಂದು ಕಡ್ಡಿ ಕಿತ್ತು, ಭಟ್ಟರ ಬಿಳಿ ಕಾರಿನ ಹಿಂಬಾಗಿಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತರು. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೊರಹೋಗಲೆಂದು ಕಾರಖಾನೆಯವರೇ ಬಿಟ್ಟ ಸಣ್ಣ ರಂಧ್ರಗಳಿರುತ್ತವೆ. ಗಾಜಿನ ಸಂದಿನಿಂದ ಒಳಗಿಳಿದ ಮಳೆನೀರಿಗೆ ಅದೊಂದೇ ದಾರಿ. ಕಡ್ಡಿ ಚುಚ್ಚಿ ತಿರುವಿದಾಗ ಮೊದಲು ಕೆಂಪು ಕೆಸರಿನ ಒಂದು ಬಿರಡೆ ಉದುರಿತು. ಹಿಂದೆಯೇ ಕೊಳೆತ ಬಾದಾಮಿ ಎಲೆಯ ಚೂರು ಬಂತು, ಆಮೇಲೆ ತುಕ್ಕಿನ ಬಣ್ಣದ ನೀರು ಧಾರೆಯಾಗಿ ಇಳಿದು ಅರ್ಧ ಚೊಂಬಿನಷ್ಟು ಸುರಿಯಿತು. ಹೊರಗಡೆ ಫಳಫಳನೆ ಒರೆಸಿದ ಬಾಗಿಲಿನೊಳಗೆ ಭಟ್ಟರು ಹೋದ ಮಳೆಗಾಲವನ್ನು ಹಾಗೆಯೇ ಕೂಡಿಟ್ಟಿದ್ದರು.

ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಅರ್ಧಕ್ಕೆ ಬಂದಾಗ ಗೇಟಿನ ಹೊರಗೆ ನಿಂತಿದ್ದ ತಮ್ಮ ಬೂದು ಕಾರಿನ ಕಡೆ ಕಣ್ಣು ಹೋಯಿತು. “ಪೊರ್ಬುಗಳೇ, ಆ ಕಡ್ಡಿಯನ್ನು ಸ್ವಲ್ಪ ಇತ್ತ ಕೊಡಿ,” ಎಂದರು.